ಮನೆಯಲ್ಲೇ ಮಾದರಿ ಉಗಿಯಂತ್ರ: ಕಟ್ಟುವ ಕ್ರಮ, ಕಾಯುವ ಕಟ್ಟಳೆ

ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಹೊರಟ ದೇಶದ ಮೊದಲ ಪ್ರಯಾಣಿಕರ ರೈಲನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿ ಎಂಜಿನುಗಳು. ಊರು ಬಿಟ್ಟು ಮಹಾನಗರಗಳಿಗೆ ಬಂದು ನೆಲೆಸಿದ ನಮ್ಮ ಹಿರಿಯರಲ್ಲಿ ಅನೇಕರು ಉಗಿಬಂಡಿಯ ಹೊಗೆಯನ್ನೂ ಕಿಡಿಯನ್ನೂ ಕಂಡವರೇ. ನೀಲಗಿರಿ, ಡಾರ್ಜಿಲಿಂಗ್‌ಗಳಂತಹ ಬೆಟ್ಟದ ಹಾದಿಗಳನ್ನು ಬಿಟ್ಟರೆ ಇಂದು ಅಂತಹ ಎಂಜಿನುಗಳನ್ನು ಕಾಣಲು ಮೈಸೂರಿನ ಅಥವಾ ದೆಹಲಿಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಾಗೆಂದು ಉಗಿಯಂತ್ರದ ಕಾಲ ಮುಗಿದೇಹೋಯಿತೆಂದು ಹೇಳುವಂತಿಲ್ಲ. ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟದಾದ, ಆದರೆ ನಿಜವಾದ ಉಗಿಯಿಂದಲೇ ತಿರುಗುವ ಯಂತ್ರವನ್ನು ಮನೆಯ ಮೂಲೆಯಲ್ಲಿ ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ಈ ಕಲೆಯ ಹಿನ್ನೆಲೆ, ಬೇಕಾಗುವ ಸಲಕರಣೆ, ನಿರ್ಮಾಣದ ಕ್ರಮ, ಎಲ್ಲಕ್ಕಿಂತ ಮಿಗಿಲಾಗಿ ಪಾಲಿಸಲೇಬೇಕಾದ ಕಟ್ಟಳೆಗಳನ್ನು ಆಸಕ್ತ ಓದುಗರಿಗಾಗಿ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಮಾದರಿಯಿಂದಲೇ ಹುಟ್ಟಿದ ಆವಿಷ್ಕಾರ

ಮಾದರಿ ಯಂತ್ರವೆಂದರೆ ಮಕ್ಕಳ ಆಟಿಕೆ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಆದರೆ ಉಗಿಯಂತ್ರದ ಚರಿತ್ರೆಯನ್ನೇ ತಿರುಗಿಸಿದ್ದು ಒಂದು ಕೆಟ್ಟುಹೋದ ಮಾದರಿ ಎಂಬುದು ಗಮನಾರ್ಹ. 1712ರಲ್ಲಿ ಥಾಮಸ್ ನ್ಯೂಕಾಮೆನ್ ಗಣಿಗಳ ನೀರೆತ್ತಲು ರೂಪಿಸಿದ ಯಂತ್ರದ ಪುಟ್ಟ ಪ್ರತಿಯೊಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿತ್ತು. 1763-64ರ ಚಳಿಗಾಲದಲ್ಲಿ ಅದನ್ನು ದುರಸ್ತಿ ಮಾಡುವ ಕೆಲಸ ಅಲ್ಲಿಯ ಉಪಕರಣ ತಯಾರಕ ಜೇಮ್ಸ್ ವಾಟ್‌ನ ಪಾಲಿಗೆ ಬಂತು. ದುರಸ್ತಿಯಾದ ಮೇಲೂ ಅದು ಕೆಲವೇ ಸಲ ಏರಿಳಿದು ಉಗಿ ಸಾಲದೆ ನಿಂತುಬಿಡುತ್ತಿತ್ತು. ಪ್ರತಿ ಬಾರಿಯೂ ಸಿಲಿಂಡರನ್ನು ತಣ್ಣೀರಿನಿಂದ ತಣಿಸಿ ಮತ್ತೆ ಕಾಯಿಸಬೇಕಾದುದರಿಂದ ಉಗಿಯ ಬಹುಪಾಲು ಅಲ್ಲಿಯೇ ವ್ಯರ್ಥವಾಗುತ್ತಿದೆಯೆಂದು ವಾಟ್ ಕಂಡುಕೊಂಡ. ಉಗಿಯನ್ನು ತಣಿಸಲು ಬೇರೆಯೇ ಪಾತ್ರೆಯಿರಬೇಕೆಂಬ ಆಲೋಚನೆ ಅವನಿಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಈ ಘಟನೆಯಲ್ಲಿ ಇಂದಿನ ಹವ್ಯಾಸಿಗೂ ಒಂದು ಪಾಠವಿದೆ. ಯಂತ್ರ ಚಿಕ್ಕದಾದಷ್ಟೂ ಅದರ ಒಳಗಿನ ಜಾಗಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಆದ್ದರಿಂದ ಶಾಖದ ನಷ್ಟವೂ ಹೆಚ್ಚು. ದೊಡ್ಡ ಯಂತ್ರವನ್ನು ಎಲ್ಲ ಅಳತೆಗಳಲ್ಲೂ ಹತ್ತರಲ್ಲೊಂದು ಪಾಲಿಗೆ ಇಳಿಸಿದ ಮಾತ್ರಕ್ಕೆ ಅದು ಅದೇ ರೀತಿ ಓಡುವುದಿಲ್ಲ. ಮಾದರಿ ತಯಾರಕರು ಸಿಲಿಂಡರಿನ ಸುತ್ತ ತೆಳುವಾದ ಮರದ ಪಟ್ಟಿಗಳನ್ನು ಜೋಡಿಸಿ ಹಿತ್ತಾಳೆಯ ಬಳೆಗಳಿಂದ ಬಿಗಿಯುವುದು ಅಂದಕ್ಕಾಗಿ ಮಾತ್ರವಲ್ಲ. ಆ ಹೊದಿಕೆ ಶಾಖವನ್ನು ಕಾಪಾಡುತ್ತದೆ.

ಹವ್ಯಾಸವಾಗಿ ಬೆಳೆದ ಬಗೆ

ಮನೆಯಲ್ಲಿ ಉಗಿಯಂತ್ರ ಕಟ್ಟುವ ಹವ್ಯಾಸ ಶಿಸ್ತುಬದ್ಧವಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಪರ್ಸಿವಲ್ ಮಾರ್ಷಲ್ ಎಂಬ ಸಂಪಾದಕರು 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಮಾದರಿ ತಯಾರಕರ ಸಂಘವೂ ಹುಟ್ಟಿತು. 20ನೆಯ ಶತಮಾನದ ಆದಿಭಾಗದಲ್ಲಿ ಸ್ಟುವರ್ಟ್ ಟರ್ನರ್ ಎಂಬ ಎಂಜಿನಿಯರು ಹೆನ್ಲಿ ಪಟ್ಟಣದ ಬಳಿ, ಪುಟ್ಟ ಯಂತ್ರಗಳಿಗೆ ಬೇಕಾದ ಎರಕದ ಬಿಡಿಭಾಗಗಳನ್ನು ನಕ್ಷೆಯೊಂದಿಗೆ ಮಾರತೊಡಗಿದರು. ಎರಕ ಹೊಯ್ಯುವ ಸೌಲಭ್ಯವಿಲ್ಲದ ಸಾಮಾನ್ಯನೂ ಅವನ್ನು ತರಿಸಿಕೊಂಡು, ಕೊರೆದು, ಉಜ್ಜಿ, ಜೋಡಿಸಿ ಯಂತ್ರ ಕಟ್ಟುವುದು ಇದರಿಂದ ಸಾಧ್ಯವಾಯಿತು.

1920ರ ದಶಕದಿಂದ ಮುಂದೆ ‘ಎಲ್‌ಬಿಎಸ್‌ಸಿ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಲೇಖಕರೊಬ್ಬರು ಪುಟ್ಟ ರೈಲು ಎಂಜಿನನ್ನು ಹಂತಹಂತವಾಗಿ ಹೇಗೆ ಕಟ್ಟಬೇಕೆಂದು ತಾಂತ್ರಿಕ ಶಿಕ್ಷಣವಿಲ್ಲದವರಿಗೂ ಅರ್ಥವಾಗುವಂತೆ ವಿವರಿಸಿದರು. ಗುಮಾಸ್ತರು, ಶಿಕ್ಷಕರು, ವೈದ್ಯರು ಈ ಹವ್ಯಾಸಕ್ಕೆ ಬಂದದ್ದು ಇಂತಹ ಬರವಣಿಗೆಯ ಮೂಲಕ. ಕಲಾ ವಿಭಾಗದಲ್ಲಿ ಓದಿ ಲೆಕ್ಕಪತ್ರಗಳ ನಡುವೆ ಬಾಳು ಸವೆಸಿದ ನಮ್ಮಂಥವರಿಗೆ ಇದು ಧೈರ್ಯ ಕೊಡುವ ಸಂಗತಿ.

ಯಾವ ಯಂತ್ರದಿಂದ ಆರಂಭ?

ಹೊಸಬರು ಮೊದಲಿಗೇ ರೈಲು ಎಂಜಿನ್ನಿಗೆ ಕೈಹಾಕುವುದು ಉಚಿತವಲ್ಲ. ಅದು ಅನೇಕ ವರ್ಷಗಳ ಕೆಲಸ. ಆರಂಭಕ್ಕೆ ಎರಡು ಮಾರ್ಗಗಳಿವೆ.

ಮೊದಲನೆಯದು ತೂಗಾಡುವ ಸಿಲಿಂಡರಿನ ಯಂತ್ರ. ಇದರಲ್ಲಿ ಪ್ರತ್ಯೇಕ ವಾಲ್ವ್ ಇರುವುದಿಲ್ಲ. ಸಿಲಿಂಡರೇ ತೊಟ್ಟಿಲಿನಂತೆ ಅತ್ತಿತ್ತ ತೂಗಿ, ತನ್ನ ಬದಿಯ ರಂಧ್ರವನ್ನು ಒಮ್ಮೆ ಉಗಿಯ ದಾರಿಗೂ ಒಮ್ಮೆ ಹೊರದಾರಿಗೂ ಹೊಂದಿಸಿಕೊಳ್ಳುತ್ತದೆ. ಹಿತ್ತಾಳೆಯ ಸರಳು ಮತ್ತು ಪಟ್ಟಿಗಳಿಂದಲೇ ಇದನ್ನು ಕಟ್ಟಬಹುದು. ಇಂಗ್ಲೆಂಡಿನ ಮಾಮೋಡ್ ಸಂಸ್ಥೆಯ ಆಟಿಕೆ ಯಂತ್ರಗಳಲ್ಲಿರುವುದೂ ಇದೇ ತತ್ತ್ವ.

ಎರಡನೆಯದು ಜಾರುವ ವಾಲ್ವ್ ಇರುವ ನಿಂತ ಯಂತ್ರ. ಸ್ಟುವರ್ಟ್ ಸಂಸ್ಥೆಯ ‘10ವಿ’ ಎಂಬ ಮಾದರಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಇದರ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರು. ಪಿಸ್ಟನ್ ಚಲಿಸುವ ದೂರವೂ ಅಷ್ಟೇ. ಫ್ಲೈವೀಲಿನ ವ್ಯಾಸ 3 ಇಂಚು. ಉಗಿ ಪಿಸ್ಟನ್ನಿನ ಮೇಲಿನಿಂದಲೂ ಕೆಳಗಿನಿಂದಲೂ ಸರದಿಯಂತೆ ಒತ್ತುತ್ತದೆ. ಹಡಗಿನಲ್ಲೋ ಗಿರಣಿಯಲ್ಲೋ ಇದ್ದ ದೊಡ್ಡ ಯಂತ್ರದ ಮುಖ್ಯ ಅಂಗಗಳೆಲ್ಲವೂ ಇಲ್ಲಿ ಪುಟ್ಟದಾಗಿ ಇರುವುದರಿಂದ, ಇದನ್ನು ಕಟ್ಟಿದವನಿಗೆ ಉಗಿಯಂತ್ರದ ವ್ಯಾಕರಣವೇ ಕರಗತವಾಗುತ್ತದೆ. ಮುಂದಿನ ವಿವರಣೆಯಲ್ಲಿ ನಾವು ಈ ಬಗೆಯ ಯಂತ್ರವನ್ನೇ ಕಣ್ಣ ಮುಂದಿಟ್ಟುಕೊಂಡಿದ್ದೇವೆ.

ಸ್ಥಳ, ಸಲಕರಣೆ, ಸಾಮಗ್ರಿ

ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಕಾರ್ಯಾಗಾರಕ್ಕೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಸಹಜ. ಅಲುಗಾಡದ ಒಂದು ಮೇಜು, ಒಳ್ಳೆಯ ಬೆಳಕು, ಗಟ್ಟಿಯಾಗಿ ಕಚ್ಚಿ ಹಿಡಿಯುವ ಒಂದು ವೈಸ್ ಇದ್ದರೆ ಬಾಲ್ಕನಿಯ ಮೂಲೆಯೂ ಸಾಕು. ಅರಗಳು, ಹ್ಯಾಕ್ಸಾ, ಮೂಲೆಮಟ್ಟ, ಗೆರೆ ಎಳೆಯುವ ಚೂಪುಕಡ್ಡಿ, ಸೆಂಟರ್ ಪಂಚ್, ವರ್ನಿಯರ್ ಕ್ಯಾಲಿಪರ್, ಮರೆಗಳನ್ನು ಕೊರೆಯುವ ಟ್ಯಾಪ್ ಮತ್ತು ಡೈ, ಒಂದು ಪುಟ್ಟ ನಿಲುವು ಡ್ರಿಲ್ ಇವು ಆರಂಭಿಕ ಅಗತ್ಯಗಳು. ಸಮತಲವನ್ನು ಪರೀಕ್ಷಿಸಲು ದುಬಾರಿಯಾದ ಸರ್ಫೇಸ್ ಪ್ಲೇಟ್ ಬೇಕೆಂದಿಲ್ಲ. ದಪ್ಪ ಗಾಜಿನ ಹಲಗೆಯೇ ಸಾಕಾಗುತ್ತದೆ.

ಸಿಲಿಂಡರು ಕೊರೆಯಲು ಮಾತ್ರ ಲೇತ್ ಬೇಕೇ ಬೇಕು. ಇಂಗ್ಲೆಂಡಿನ ಹವ್ಯಾಸಿಗಳಿಗೆ 1940ರ ದಶಕದಲ್ಲಿ ಬಂದ ಮೈಫರ್ಡ್ ‘ಎಂಎಲ್7’ ಎಂಬ ಪುಟ್ಟ ಲೇತ್ ಮನೆಮಾತಾಗಿತ್ತು. ನಮ್ಮ ನಾಡಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಒಂದು ಕಾಲದಲ್ಲಿ ಹೆಸರಾಗಿದ್ದವು. ಆದರೆ ಅವು ಕಾರ್ಖಾನೆಗೆ ತಕ್ಕವು, ಮನೆಗಲ್ಲ. ಇಂದು ಮೇಜಿನ ಮೇಲೆ ಕೂರುವ ಪುಟ್ಟ ಲೇತ್‌ಗಳು ದೊರೆಯುತ್ತವೆ. ಅದು ಸಾಧ್ಯವಿಲ್ಲದವರು ಪರಿಚಿತ ವರ್ಕ್‌ಶಾಪಿನಲ್ಲಿ ಲೇತಿನ ಕೆಲಸ ಮಾಡಿಸಿಕೊಂಡು, ಉಜ್ಜುವುದು, ಜೋಡಿಸುವುದು, ಹೊಂದಿಸುವುದನ್ನು ಮನೆಯಲ್ಲಿ ಮಾಡಬಹುದು. ಯಂತ್ರ ಓಡುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಹೊಂದಿಸುವ ಕೆಲಸದಲ್ಲಿಯೇ.

ಸಾಮಗ್ರಿಗಾಗಿ ನಗರದ ಹಳೆಯ ಪೇಟೆಗಳೇ ಗತಿ. ಮುಂಬಯಿಯಲ್ಲಿ ಉಪಕರಣಗಳಿಗೆ ನಾಗ್‌ದೇವಿ ಬೀದಿ, ತಾಮ್ರ ಹಿತ್ತಾಳೆಗಳಿಗೆ ಗುಲಾಲ್‌ವಾಡಿ ಮತ್ತು ಕೀಕಾ ಬೀದಿ. ಪುಣೆಯಲ್ಲಿ ಬೋಹ್ರಿ ಆಳಿ. ದೆಹಲಿಯಲ್ಲಿ ಚಾವ್ಡಿ ಬಜಾರ್. ಹೈದರಾಬಾದ್ ಕಡೆಯವರಿಗೆ ಸಿಕಂದರಾಬಾದಿನ ರಾಣಿಗಂಜ್. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ತಾಮ್ರವನ್ನು ಕಾಯಿಸಿ, ತಣಿಸಿ, ಬಡಿದು ಪಾತ್ರೆ ಮಾಡುವ ಕುಶಲಕರ್ಮಿಗಳ ಕೆಲಸವನ್ನು ಅರ್ಧ ದಿನ ನಿಂತು ನೋಡಿದರೆ, ಬಾಯ್ಲರಿನ ಅರ್ಧ ಪಾಠ ಕಲಿತಂತೆಯೇ ಸರಿ.

ನಿರ್ಮಾಣದ ಕ್ರಮ

ಬೀಡುಕಬ್ಬಿಣದ ಎರಕದ ಹೊರಪದರ ಬಹಳ ಗಡಸು. ಅದರಲ್ಲಿ ಅಚ್ಚಿನ ಮರಳೂ ಅಂಟಿಕೊಂಡಿರುತ್ತದೆ. ಮೇಲುಮೇಲಿನಿಂದ ತೆಳುವಾಗಿ ಕೊರೆಯಹೋದರೆ ಉಳಿಯ ಮೊನೆ ಸವೆಯುತ್ತದೆಯೇ ಹೊರತು ಕಬ್ಬಿಣ ಕರಗುವುದಿಲ್ಲ. ಮೊದಲು ಹಳೆಯ ಅರದಿಂದ ಉಜ್ಜಿ, ಬಳಿಕ ಪದರದ ಕೆಳಗೆ ಇಳಿಯುವಷ್ಟು ಆಳವಾಗಿ ಮೊದಲ ಕೊರೆತ ಕೊಡಬೇಕು. ಬೀಡುಕಬ್ಬಿಣವನ್ನು ಎಣ್ಣೆಯಿಲ್ಲದೆ ಒಣದಾಗಿಯೇ ಕೊರೆಯುವುದು ವಾಡಿಕೆ. ಏಳುವ ಕಪ್ಪು ಪುಡಿಯನ್ನು ಲೇತಿನ ಹಾಸಿನ ಮೇಲೆ ಬಿಡದೆ ಒರೆಸುತ್ತಿರಬೇಕು.

ಎಲ್ಲ ಅಳತೆಗೂ ಒಂದು ಮೂಲ ಬೇಕು. ಸಿಲಿಂಡರಿನ ಒಳರಂಧ್ರವೇ ಆ ಮೂಲ. ಎರಕವನ್ನು ಲೇತಿನಲ್ಲಿ ಬಿಗಿದು ರಂಧ್ರವನ್ನು ಕೊರೆದ ಮೇಲೆ, ಬಿಗಿತವನ್ನು ಸಡಿಲಿಸದೆ ಅದೇ ಸ್ಥಿತಿಯಲ್ಲಿ ಒಂದು ತುದಿಯ ಮುಖವನ್ನೂ ಸಮಮಾಡಬೇಕು. ಒಂದೇ ಹಿಡಿತದಲ್ಲಿ ಆದ ಎರಡು ಕೆಲಸಗಳು ಒಂದಕ್ಕೊಂದು ನಿಖರವಾಗಿ ಲಂಬವಾಗಿರುತ್ತವೆ. ತೆಗೆದು ಮತ್ತೆ ಹಿಡಿಸಿದರೆ ಆ ಖಾತರಿ ಇರುವುದಿಲ್ಲ. ಇನ್ನೊಂದು ತುದಿಯನ್ನು, ರಂಧ್ರದಲ್ಲಿ ಬಿಗಿಯಾಗಿ ಕೂರುವ ಸರಳಿನ ಮೇಲೆ ಏರಿಸಿ ಸಮಮಾಡುವುದು ಕ್ರಮ. ಪಿಸ್ಟನ್ ಚಲಿಸುವ ಕಂಬದ ಮಾರ್ಗದರ್ಶಿ ರಂಧ್ರಕ್ಕೂ ಅದರ ಪಾದಕ್ಕೂ, ಫ್ಲೈವೀಲಿನ ಅಂಚಿಗೂ ನಡುವಿನ ತೂತಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೊದಲು ರಂಧ್ರ, ಆಮೇಲೆ ಅದಕ್ಕೆ ಹೊಂದುವ ಪಿಸ್ಟನ್ ಎಂಬುದು ಎರಡನೆಯ ಸೂತ್ರ. ರಂಧ್ರ ನಕ್ಷೆಗಿಂತ ಕೂದಲೆಳೆಯಷ್ಟು ದೊಡ್ಡದಾದರೆ ಚಿಂತೆಯಿಲ್ಲ. ಪಿಸ್ಟನ್ನನ್ನು ಅದಕ್ಕೆ ತಕ್ಕಂತೆ ಮಾಡಿದರಾಯಿತು. ಆದರೆ ರಂಧ್ರ ಉದ್ದಕ್ಕೂ ಒಂದೇ ವ್ಯಾಸದ್ದಾಗಿ, ದುಂಡಗಿರಬೇಕು. ಪಿಸ್ಟನ್ನಿನ ಸುತ್ತಲಿನ ಗಾಡಿಯಲ್ಲಿ ಗ್ರಾಫೈಟ್ ಸವರಿದ ನೂಲನ್ನು ಸುತ್ತಿದರೆ ಉಗಿ ಸೋರುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಆಸ್ಬೆಸ್ಟಾಸ್ ನೂಲನ್ನು ಸೂಚಿಸಿರುವುದುಂಟು. ಶ್ವಾಸಕೋಶಕ್ಕೆ ಮಾರಕವಾದ ಆ ವಸ್ತುವನ್ನು ಮನೆಯೊಳಗೆ ತರಲೇಬಾರದು.

ಕ್ರ್ಯಾಂಕ್ ಶಾಫ್ಟ್ ಯಂತ್ರದ ಬೆನ್ನೆಲುಬು. ಪಿಸ್ಟನ್ 19 ಮಿಲಿಮೀಟರು ಚಲಿಸಬೇಕಾದರೆ ಕ್ರ್ಯಾಂಕಿನ ಮೊಳೆ ಶಾಫ್ಟಿನ ನಡುಗೆರೆಯಿಂದ ಅದರ ಅರ್ಧದಷ್ಟು, ಎಂದರೆ ಒಂಬತ್ತೂವರೆ ಮಿಲಿಮೀಟರು ದೂರವಿರಬೇಕು. ಎರಡೂ ಬದಿಯ ಶಾಫ್ಟುಗಳು ಒಂದೇ ಗೆರೆಯಲ್ಲಿರದಿದ್ದರೆ ಪ್ರತಿ ಸುತ್ತಿನಲ್ಲಿಯೂ ಒಂದೆಡೆ ಬಿಗಿತ ಕಾಣಿಸುತ್ತದೆ. ಪ್ರತಿಯೊಂದು ಭಾಗವನ್ನು ಸೇರಿಸಿದಾಗಲೂ ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡುವ ಅಭ್ಯಾಸವಿಟ್ಟುಕೊಂಡರೆ, ಬಿಗಿತಕ್ಕೆ ಕಾರಣ ಆಗತಾನೇ ಸೇರಿಸಿದ ಭಾಗವೆಂಬುದು ಕೂಡಲೇ ತಿಳಿಯುತ್ತದೆ. ಎಲ್ಲವನ್ನೂ ಒಮ್ಮೆಗೇ ಜೋಡಿಸಿದರೆ ದೋಷ ಎಲ್ಲಿದೆಯೆಂದು ಹುಡುಕುವುದು ಕಷ್ಟಸಾಧ್ಯ.

ಇನ್ನು ವಾಲ್ವ್. ಸಿಲಿಂಡರಿನ ಪಕ್ಕದಲ್ಲಿ ನುಣುಪಾಗಿ ಉಜ್ಜಿದ ಮುಖವೊಂದಿರುತ್ತದೆ. ಅದರಲ್ಲಿ ಮೂರು ಸೀಳುಗಳು: ಮೇಲಿನದು ಸಿಲಿಂಡರಿನ ಮೇಲ್ತುದಿಗೆ, ಕೆಳಗಿನದು ಕೆಳತುದಿಗೆ, ನಡುವಿನದು ಬಳಸಿದ ಉಗಿ ಹೊರಹೋಗುವುದಕ್ಕೆ. ಇವುಗಳ ಮೇಲೆ ಬೋರಲು ಹಾಕಿದ ತಟ್ಟೆಯಂತಹ ಪುಟ್ಟ ವಾಲ್ವ್ ಹಿಂದೆಮುಂದೆ ಜಾರುತ್ತ, ಒಂದು ಸೀಳನ್ನು ಉಗಿಗೆ ತೆರೆದಾಗ ಇನ್ನೊಂದನ್ನು ಹೊರದಾರಿಗೆ ಕೂಡಿಸುತ್ತದೆ. ಇದನ್ನು ಜಾರಿಸುವುದು ಶಾಫ್ಟಿನ ಮೇಲೆ ನಡುತಪ್ಪಿ ಕೂರಿಸಿದ ‘ಎಕ್ಸೆಂಟ್ರಿಕ್’ ಎಂಬ ಬಿಲ್ಲೆ. ಇದು ತಿರುಗುವ ದಿಕ್ಕಿನಲ್ಲಿ ಕ್ರ್ಯಾಂಕಿಗಿಂತ 90 ಡಿಗ್ರಿಗೂ ತುಸು ಹೆಚ್ಚು ಮುಂದಿರಬೇಕು. ಆ ‘ತುಸು’ವಿನಲ್ಲಿಯೇ ಯಂತ್ರದ ಚುರುಕು ಅಡಗಿದೆ.

ಮೊದಲ ಓಟ ಗಾಳಿಯಲ್ಲಿ

ಕಟ್ಟಿ ಮುಗಿದ ಯಂತ್ರವನ್ನು ಒಡನೆಯೇ ಉಗಿಗೆ ಒಡ್ಡುವ ಆತುರ ಬೇಡ. ಮೊದಲು ಪುಟ್ಟ ಕಂಪ್ರೆಸರಿನ ಕಡಿಮೆ ಒತ್ತಡದ ಗಾಳಿಯಲ್ಲಿ ಓಡಿಸಬೇಕು. ವಾಲ್ವಿನ ಪೆಟ್ಟಿಗೆಯ ಮುಚ್ಚಳ ತೆಗೆದು ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತ, ಮೇಲಿನ ಮತ್ತು ಕೆಳಗಿನ ಸೀಳುಗಳು ಸಮನಾಗಿ ತೆರೆಯುವಂತೆ ವಾಲ್ವನ್ನು ಅದರ ದಂಡದ ಮೇಲೆ ಸರಿಸಬೇಕು. ಆನಂತರ ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸೀಳು ಆಗತಾನೇ ತೆರೆಯತೊಡಗುವಂತೆ ಎಕ್ಸೆಂಟ್ರಿಕ್ ಬಿಲ್ಲೆಯನ್ನು ತಿರುಗಿಸಿ ಬಿಗಿಯಬೇಕು. ಈ ಕ್ರಮ ಹಿಂದುಮುಂದಾದರೆ ಹೊಂದಾಣಿಕೆ ಎಂದಿಗೂ ಮುಗಿಯುವುದಿಲ್ಲ.

ಸರಿಹೊಂದಿದ ಯಂತ್ರದ ಸದ್ದು ಎರಡೂ ಕಡೆ ಸಮನಾಗಿ ಕೇಳಿಸುತ್ತದೆ. ಒಂದು ಬಡಿತ ಜೋರಾಗಿ ಇನ್ನೊಂದು ಕ್ಷೀಣವಾಗಿದ್ದರೆ, ತಾಳ ತಪ್ಪಿದ ಮೃದಂಗದಂತೆ ಕಿವಿಗೇ ಗೊತ್ತಾಗುತ್ತದೆ. ಗಾಳಿಯಲ್ಲಿ ಕೆಲವು ಗಂಟೆ ಓಡಿದರೆ ಉಜ್ಜುವ ಭಾಗಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಈ ಹೊತ್ತಿನಲ್ಲಿ ಎಣ್ಣೆಗೆ ಜಿಪುಣತನ ಸಲ್ಲದು.

ಬಾಯ್ಲರು: ಹವ್ಯಾಸದ ಗಡಿರೇಖೆ

ಇಲ್ಲಿಯವರೆಗಿನ ಕೆಲಸದಲ್ಲಿ ತಪ್ಪಾದರೆ ಲೋಹ ಹಾಳಾದೀತು, ವೇಳೆ ಹಾಳಾದೀತು. ಬಾಯ್ಲರಿನಲ್ಲಿ ತಪ್ಪಾದರೆ ಮನುಷ್ಯರಿಗೆ ಅಪಾಯ. ಆದಕಾರಣ ಈ ಭಾಗವನ್ನು ಓದುಗರು ವಿಶೇಷ ಗಮನವಿಟ್ಟು ಓದಬೇಕೆಂದು ಕೋರುತ್ತೇವೆ.

ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಒಂದು ಬಗೆಯ ಬಾಯ್ಲರೇ. ಅದರ ಮೇಲಿನ ತೂಕ ಒತ್ತಡವನ್ನು ಮಿತಿಯಲ್ಲಿಡುತ್ತದೆ. ಅದು ಕಟ್ಟಿಕೊಂಡರೆ ಸೇಫ್ಟಿ ವಾಲ್ವಿನ ಲೋಹ ಕರಗಿ ಉಗಿಯನ್ನು ಹೊರಬಿಡುತ್ತದೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಸ್ನಾನದ ನೀರು ಕಾಯಿಸುತ್ತಿದ್ದ ತಾಮ್ರದ ಬಂಬಿನ ನಡುವೆ ಬೆಂಕಿಯ ಕೊಳವೆ ಇರುವುದನ್ನು ಹಿರಿಯರು ಬಲ್ಲರು. ಮಾದರಿ ಬಾಯ್ಲರಿನ ಒಂದು ಬಗೆಯ ರಚನೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ: ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಒಂದೇ ವ್ಯತ್ಯಾಸವೆಂದರೆ ಬಂಬಿನ ಬಾಯಿ ತೆರೆದಿರುತ್ತದೆ, ಬಾಯ್ಲರಿನದು ಮುಚ್ಚಿರುತ್ತದೆ. ಅಪಾಯವೆಲ್ಲವೂ ಆ ವ್ಯತ್ಯಾಸದಲ್ಲಿದೆ.

ಒಂದು ಸರಳ ಲೆಕ್ಕ ನೋಡೋಣ. 75 ಮಿಲಿಮೀಟರು ವ್ಯಾಸದ ಪುಟ್ಟ ಬಾಯ್ಲರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಂ ಒತ್ತಡವಿದೆ ಎನ್ನೋಣ. ಅದರ ತುದಿಯ ಬಿಲ್ಲೆಯ ವಿಸ್ತಾರ ಸುಮಾರು 44 ಚದರ ಸೆಂಟಿಮೀಟರು. ಅಂದರೆ ಆ ಬಿಲ್ಲೆಯನ್ನು ಹೊರಕ್ಕೆ ತಳ್ಳುವ ಬಲ 130 ಕಿಲೋಗ್ರಾಂಗೂ ಮಿಕ್ಕಿದ್ದು. ಅಂಗೈಯಗಲದ ತಗಡಿನ ಮೇಲೆ ಇಬ್ಬರು ದೊಡ್ಡವರು ನಿಂತಂತೆ. ದುಂಡಗಿನ ಮೈ ಈ ಒತ್ತಡವನ್ನು ಸುಲಭವಾಗಿ ತಾಳುತ್ತದೆ. ಚಪ್ಪಟೆಯಾದ ತುದಿಗಳು ಉಬ್ಬುತ್ತವೆ. ಅದಕ್ಕೆಂದೇ ಎರಡು ತುದಿಗಳನ್ನು ಒಳಗಿನಿಂದ ಕಂಚಿನ ಸರಳುಗಳಿಂದ ಬಂಧಿಸುವುದು ವಾಡಿಕೆ.

ಈ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ ಅಲ್ಲ, ಸುಮಾರು 143 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಾಯ್ಲರು ಒಡೆದರೆ ಆ ನೀರಿನ ಒಂದಂಶ ಕ್ಷಣಾರ್ಧದಲ್ಲಿ ಉಗಿಯಾಗುತ್ತದೆ. ಒಂದು ಲೀಟರು ನೀರು ಪೂರ್ತಿ ಉಗಿಯಾದರೆ ವಾತಾವರಣದ ಒತ್ತಡದಲ್ಲಿ ಸುಮಾರು 1,600 ಲೀಟರಿಗೂ ಮಿಕ್ಕಿದ ಜಾಗವನ್ನು ಬೇಡುತ್ತದೆ. ಸ್ಫೋಟದ ಶಕ್ತಿ ಇರುವುದು ಆ ಕಾದ ನೀರಿನಲ್ಲಿ.

ರೇಡಿಯೋ ದುರಸ್ತಿಗೆ ಬಳಸುವ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ನೀರು ಬತ್ತಿದ ಬಾಯ್ಲರಿನಲ್ಲಿ ಅದು ಉಳಿಯುವುದೇ ಇಲ್ಲ. ಒತ್ತಡ ತಾಳುವ ಬಾಯ್ಲರಿಗೆ ಯೋಗ್ಯವಾದುದು 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿಬೆಸುಗೆ. ಅಕ್ಕಸಾಲಿಗರು ಬಿಳಿಗಾರ ಬಳಸುವಂತೆ ಇಲ್ಲಿಯೂ ಫ್ಲಕ್ಸ್ ಸವರಿ, ಇಡೀ ಕೀಲನ್ನು ಕೆಂಪಗೆ ಕಾಯಿಸಿ, ಬೆಸುಗೆ ತಾನಾಗಿ ಸಂದಿಯೊಳಗೆ ಹರಿಯುವಂತೆ ಮಾಡಬೇಕು. ಕ್ಯಾಡ್ಮಿಯಂ ಇರುವ ಹಳೆಯ ಬೆಸುಗೆಯ ಹೊಗೆ ವಿಷಕಾರಿ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು. ನೀರು, ಉಗಿ ತಾಗುವೆಡೆ ಹಿತ್ತಾಳೆಯ ಬದಲು ಕಂಚು ಬಳಸಬೇಕು. ಹಿತ್ತಾಳೆಯೊಳಗಿನ ಸತು ಕಾಲಕ್ರಮದಲ್ಲಿ ಕರಗಿಹೋಗಿ ಲೋಹ ಟೊಳ್ಳಾಗುತ್ತದೆ.

ಬಾಯ್ಲರಿಗೆ ಸೇಫ್ಟಿ ವಾಲ್ವ್, ಪ್ರೆಷರ್ ಗೇಜ್, ನೀರಿನ ಮಟ್ಟ ತೋರುವ ಗಾಜಿನ ಕೊಳವೆ ಈ ಮೂರೂ ಇರಲೇಬೇಕು. ಅಂತರ್ಜಾಲದ ವಿಡಿಯೊಗಳನ್ನು ನೋಡಿ ತಿಂಡಿಯ ಡಬ್ಬಿ, ಗ್ಯಾಸಿನ ಸಣ್ಣ ಸಿಲಿಂಡರು, ಬಾಯಿ ಕಟ್ಟಿದ ಹಳೆಯ ಕುಕ್ಕರುಗಳನ್ನು ಬಾಯ್ಲರು ಮಾಡಹೊರಡುವ ಎಳೆಯರಿದ್ದಾರೆ. ಅಂಥವರನ್ನು ತಡೆಯುವುದು ಹಿರಿಯರ ಕರ್ತವ್ಯ.

ಬರೆದವನೇ ಪಾಸು ಮಾಡುವಂತಿಲ್ಲ

ನಾವು ಬ್ಯಾಂಕಿನಲ್ಲಿ ದುಡಿಯುವವರು. ಅಲ್ಲಿ ಒಂದು ಕಟ್ಟಳೆಯುಂಟು: ವೋಚರ್ ಬರೆದವನು ಎಷ್ಟೇ ಹಿರಿಯನಿರಲಿ, ಎಷ್ಟೇ ಪ್ರಾಮಾಣಿಕನಿರಲಿ, ಅದನ್ನು ತಾನೇ ಪಾಸು ಮಾಡುವಂತಿಲ್ಲ. ಎರಡನೆಯ ಕಣ್ಣು ಬೀಳಲೇಬೇಕು. ಇದರಲ್ಲಿ ಅವಿಶ್ವಾಸದ ಮಾತಿಲ್ಲ. ತಾನು ಬರೆದ ತಪ್ಪು ತನಗೆ ಕಾಣಿಸದು ಎಂಬ ಅನುಭವದ ಮಾತಿದೆ. ಇಂಗ್ಲೆಂಡಿನ ಮಾದರಿ ತಯಾರಕರ ಸಂಘಗಳು ಬಾಯ್ಲರಿನ ವಿಷಯದಲ್ಲಿ ಪಾಲಿಸಿಕೊಂಡು ಬಂದಿರುವುದೂ ಇದನ್ನೇ. ಯಂತ್ರ ಕಟ್ಟಿದವನದು, ಬಾಯ್ಲರು ಸರಿಯೆನ್ನುವ ಹಕ್ಕು ಮಾತ್ರ ಸಂಘದ ಪರೀಕ್ಷಕನದು.

ಆ ಪರೀಕ್ಷೆಯ ವಿಧಾನ ಹೀಗಿದೆ. ಹೊಸ ಬಾಯ್ಲರಿನಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ಮೆಲ್ಲಮೆಲ್ಲನೆ ಏರಿಸಿ, ಬಳಕೆಯ ಒತ್ತಡದ ಎರಡರಷ್ಟಕ್ಕೆ ತಂದು ನಿಲ್ಲಿಸುತ್ತಾರೆ. ಮುಂದಿನ ವರ್ಷಗಳ ಮರುಪರೀಕ್ಷೆಗಳಲ್ಲಿ ಒಂದೂವರೆಯಷ್ಟು. ಮುಲಾಜಿಲ್ಲದೆ ಸೋರಿಕೆ, ಉಬ್ಬುಗಳನ್ನು ಹುಡುಕುತ್ತಾರೆ. ನೀರು ಹೆಚ್ಚುಕಡಿಮೆ ಕುಗ್ಗದ ವಸ್ತುವಾದುದರಿಂದ ಕೀಲು ಬಿಟ್ಟರೂ ಒಂದಿಷ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಇದೇ ಪರೀಕ್ಷೆಯನ್ನು ಗಾಳಿಯಿಂದ ಮಾಡಿದರೆ ಅದು ಬಾಂಬಿಗೆ ಸಮಾನ, ಎಂದಿಗೂ ಮಾಡಕೂಡದು. ಬಳಿಕ ಬೆಂಕಿ ಹಾಕಿ, ಉರಿ ಜೋರಾಗಿರುವಾಗಲೂ ಸೇಫ್ಟಿ ವಾಲ್ವ್ ಒತ್ತಡವನ್ನು ಮಿತಿಗಿಂತ ಶೇಕಡಾ 10ಕ್ಕಿಂತ ಹೆಚ್ಚು ಏರಲು ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ 1923ರ ಬಾಯ್ಲರು ಕಾಯ್ದೆಯ ಸ್ಥಾನದಲ್ಲಿ 2025ರ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅರ್ಧ ಲೀಟರಿನ ಮಾದರಿ ಬಾಯ್ಲರನ್ನು ಕಾನೂನು ಬಿಟ್ಟಿರಬಹುದು, ಆದರೆ ಉಗಿ ಬಿಡುವುದಿಲ್ಲ. ಕಾಯ್ದೆ ಸುಮ್ಮನಿರುವೆಡೆ ನಮ್ಮ ಕಟ್ಟಳೆಯನ್ನು ನಾವೇ ಹಾಕಿಕೊಳ್ಳಬೇಕು. ಅದಕ್ಕೆ ಮೂರು ದಾರಿಗಳಿವೆ. ಪರೀಕ್ಷೆಯಾಗಿ ಪ್ರಮಾಣಪತ್ರದೊಂದಿಗೆ ಬರುವ ಸಿದ್ಧ ಬಾಯ್ಲರನ್ನು ಕೊಳ್ಳುವುದು ಒಂದು. ತಾವೇ ಕಟ್ಟಿದ್ದನ್ನು ಬಾಯ್ಲರು ಕೆಲಸದ ಅನುಭವವುಳ್ಳ ಎಂಜಿನಿಯರೊಬ್ಬರ ಕೈಯಿಂದ ಮೇಲಿನಂತೆ ನೀರಿನ ಪರೀಕ್ಷೆ ಮಾಡಿಸುವುದು ಎರಡು. ಎರಡೂ ಸಾಧ್ಯವಾಗದಿದ್ದರೆ ಯಂತ್ರವನ್ನು ಕಡೆಯವರೆಗೂ ಗಾಳಿಯಲ್ಲಿಯೇ ಓಡಿಸುವುದು ಮೂರು. ಮೂರನೆಯದರಲ್ಲಿ ಅವಮಾನವೇನೂ ಇಲ್ಲ.

ಉಗಿ ಹಾಕುವ ದಿನ

ಉಗಿ ಹಾಕುವಾಗ ತೆರೆದ, ಗಾಳಿಯಾಡುವ ಸ್ಥಳವನ್ನೇ ಆರಿಸಬೇಕು. ಬಾಗಿಲು ಮುಚ್ಚಿದ ಕೋಣೆ ಸಲ್ಲದು. ಕಟ್ಟಡದ ಗಚ್ಚಿನ ಮೇಲಾದರೆ ಸೊಸೈಟಿಯವರಿಗೆ ಮೊದಲೇ ತಿಳಿಸುವುದು ಸೌಜನ್ಯ. ಸ್ಪಿರಿಟ್ ದೀಪದ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆಯೆಂದು ಭಾವಿಸಿ ಮತ್ತೆ ಸ್ಪಿರಿಟ್ ಸುರಿಯುವುದು ಅತ್ಯಂತ ಅಪಾಯಕಾರಿ. ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುವುದರಿಂದ ಬಟ್ಟಿ ಇಳಿಸಿದ ನೀರು ಉತ್ತಮ. ಓಡಿಸಿ ಮುಗಿದ ಮೇಲೆ ಸಿಲಿಂಡರಿನ ತೇವವನ್ನು ಗಾಳಿಯೂದಿ ತೆಗೆದು, ಎಣ್ಣೆ ಬಿಟ್ಟು ನಾಲ್ಕಾರು ಸುತ್ತು ತಿರುಗಿಸಿ ಇಡಬೇಕು. ಮುಂಬಯಿಯ ಮಳೆಗಾಲದಲ್ಲಿ ಬೀಡುಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುವುದುಂಟು.

ಮನೆಯ ಮಕ್ಕಳನ್ನು ಈ ಕೆಲಸದಲ್ಲಿ ಜತೆಗೂಡಿಸಿಕೊಳ್ಳುವಂತೆ ನಾವು ಓದುಗರಲ್ಲಿ ಅರಿಕೆ ಮಾಡುತ್ತೇವೆ. ಗುಂಡಿ ಒತ್ತಿದರೆ ಎಲ್ಲವೂ ನಡೆಯುವ ದಿನಗಳಲ್ಲಿ ಬೆಳೆದ ಅವರಿಗೆ, ಒಂದು ಮುಖವನ್ನು ಸಮಮಾಡಲು ಒಂದು ಸಂಜೆ ಬೇಕೆಂಬುದು ಹೊಸ ಅನುಭವ. ಅರ ಹಿಡಿಯಲು, ಅಳೆಯಲು, ಬೆರಳಿನಿಂದ ಶಾಫ್ಟ್ ತಿರುಗಿಸಿ ಬಿಗಿತವನ್ನು ಗುರುತಿಸಲು ಹತ್ತು ಹನ್ನೆರಡು ವರ್ಷದವರೂ ಕಲಿಯಬಲ್ಲರು. ಬೆಸುಗೆ ಮತ್ತು ಬೆಂಕಿಯ ಕೆಲಸ ಮಾತ್ರ ದೊಡ್ಡವರ ಕೈಯಲ್ಲಿರಲಿ. ತಾನು ಮಾಡಿದ್ದನ್ನು ಇನ್ನೊಬ್ಬರ ಪರೀಕ್ಷೆಗೆ ಒಡ್ಡುವ ವಿನಯವೂ ಅವರಿಗೆ ಈ ಮೇಜಿನ ಬಳಿಯೇ ಅಭ್ಯಾಸವಾದರೆ, ಯಂತ್ರ ಓಡಿದ ಸಂತೋಷಕ್ಕಿಂತಲೂ ಅದು ದೊಡ್ಡ ಲಾಭವೆಂದು ನಾವು ತಿಳಿಯುತ್ತೇವೆ.